ಮಠ ಅಳಿದರೂ ಉಳಿದ ಸೇತುವೆಗಳು: ದುರಸ್ತಿಯ ಹೊಣೆ ಯಾರ ಹೆಗಲಿಗೆ?

1233ರ ಜುಲೈ ತಿಂಗಳಲ್ಲಿ ದಕ್ಷಿಣ ಇಂಗ್ಲೆಂಡಿನ ವೇ ನದಿ ಉಕ್ಕಿ ಹರಿಯಿತು. ದಡದಲ್ಲೇ ಇದ್ದ ವೇವರ್ಲಿ ಮಠದ ಕಟ್ಟಡಗಳೊಳಗೆ ಕೆಲವೆಡೆ ಎಂಟು ಅಡಿಯಷ್ಟು ನೀರು ನಿಂತಿತು. ಸುತ್ತಮುತ್ತಲಿನ ಕಲ್ಲಿನ ಗೋಡೆಗಳೂ ಸೇತುವೆಗಳೂ ಕೊಚ್ಚಿಹೋದವು. ಇದನ್ನು ದಾಖಲಿಸಿದವರು ಆ ಮಠದ ಸನ್ಯಾಸಿಗಳೇ. ವರ್ಷವರ್ಷದ ಘಟನೆಗಳನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿಡುವ ಪದ್ಧತಿ ಅವರಲ್ಲಿತ್ತು. 1201ರಲ್ಲಿಯೂ ಇಂಥದೇ ಪ್ರವಾಹ ಬಂದು ಮಠವನ್ನು ಕಂಗೆಡಿಸಿತ್ತು. ಒಂದೇ ತಲೆಮಾರಿನಲ್ಲಿ ಎರಡು ಸಲ ಪೆಟ್ಟು ತಿಂದ ಮೇಲೆ, ಮತ್ತೆ ಕಟ್ಟುವಾಗ ಗಟ್ಟಿಯಾಗಿ ಕಟ್ಟಬೇಕೆಂಬ ಹಟ ಯಾರಿಗಾದರೂ ಬಂದೇ ಬರುತ್ತದೆ.

ಸರ್ರೆ ಜಿಲ್ಲೆಯಲ್ಲಿ ವೇ ನದಿಯುದ್ದಕ್ಕೂ ಇಂದಿಗೂ ನಿಂತಿರುವ ಕಲ್ಲಿನ ಸೇತುವೆಗಳ ಕಥೆ ಈ ಹಟದಿಂದಲೇ ಶುರುವಾಗುತ್ತದೆ ಎಂಬುದು ಅಲ್ಲಿನ ಬಹುಕಾಲದ ನಂಬಿಕೆ. ನದಿಯ ಎರಡು ಕವಲುಗಳು ಕೂಡುವ ಟಿಲ್ಫರ್ಡ್ ಎಂಬ ಹಳ್ಳಿಯಲ್ಲಿ ಎರಡು, ಅಲ್ಲಿಂದ ಕೆಳಗೆ ಎಲ್ಸ್ಟೆಡ್, ಈಷಿಂಗ್, ಅನ್‌ಸ್ಟೆಡ್‌ಗಳಲ್ಲಿ ಒಂದೊಂದು. ಇವುಗಳನ್ನು ಕಟ್ಟಿಸಿದವರು ವೇವರ್ಲಿಯ ಸನ್ಯಾಸಿಗಳೇ ಎಂದು ಹೇಳುವ ಲೆಕ್ಕಪತ್ರವಾಗಲಿ ಒಪ್ಪಂದವಾಗಲಿ ಉಳಿದಿಲ್ಲ. ಆದರೆ ಒಂದೇ ಕೈಚಳಕದ ಗುರುತು ಇವುಗಳಲ್ಲಿ ಕಾಣುತ್ತದೆ. ನದಿಯೊಳಗೆ ನಿಂತ ಪ್ರತಿ ಕಂಬದ ಮೇಲ್ಹರಿವಿನ ಕಡೆಗೆ ನೀರನ್ನು ಸೀಳುವ ಚೂಪಾದ ಮೂತಿ ಇದೆ. ಕೆಳಹರಿವಿನ ಕಡೆಗೆ ಅದೇ ಕಂಬ ಅರ್ಧವೃತ್ತವಾಗಿ ದುಂಡಗಾಗಿದೆ. ಇಂಗ್ಲೆಂಡಿನ ಹಳೆಯ ಸೇತುವೆಗಳಲ್ಲಿ ಈ ದುಂಡು ಬೆನ್ನು ಅಪರೂಪ. ಒಂದೇ ನದಿಯಲ್ಲಿ ಇಂಥವು ಸಾಲಾಗಿ ಸಿಗುವುದರಿಂದಲೇ ಒಂದೇ ಕಾಲದ, ಒಂದೇ ತಂಡದ ಕೆಲಸವೆಂಬ ಊಹೆ ಬಲವಾಗಿದೆ.

ವೇವರ್ಲಿ ಸಾಮಾನ್ಯ ಮಠವಾಗಿರಲಿಲ್ಲ. 1128ರಲ್ಲಿ ವಿಂಚೆಸ್ಟರಿನ ಬಿಷಪ್ ವಿಲಿಯಂ ಗಿಫರ್ಡ್ ಸ್ಥಾಪಿಸಿದ ಇದು ಇಂಗ್ಲೆಂಡಿನಲ್ಲಿ ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಸನ್ಯಾಸಿ ಪಂಥದ ಮೊಟ್ಟಮೊದಲ ಮಠ. ಊರುಗಳಿಂದ ದೂರ, ನದಿಯ ತಗ್ಗಿನಲ್ಲಿ ನೆಲೆಸಿ, ಕಾಡು ಕಡಿದು ಹೊಲ ಮಾಡಿ, ಕುರಿ ಸಾಕಿ, ಗಿರಣಿ ಕಟ್ಟಿ ಬದುಕುವುದು ಆ ಪಂಥದ ರೀತಿ. ಉಣ್ಣೆಯ ಮೂಟೆ, ಧಾನ್ಯ, ಕಲ್ಲು, ಮರ ಎಲ್ಲವೂ ದೂರದ ತೋಟಗಳಿಂದ ನದಿ ದಾಟಿ ಬರಬೇಕಿತ್ತು. ಸೇತುವೆ ಅವರಿಗೆ ಪುಣ್ಯಕಾರ್ಯವೂ ಹೌದು, ವ್ಯವಹಾರದ ಅಗತ್ಯವೂ ಹೌದು. ಆ ಕಾಲದ ಬಿಷಪರು ಸೇತುವೆಗೆ ದುಡ್ಡು ಕೊಟ್ಟವರಿಗೆ ಪಾಪದ ಶಿಕ್ಷೆಯಲ್ಲಿ ನಲವತ್ತು ದಿನದ ವಿನಾಯಿತಿ ಘೋಷಿಸುತ್ತಿದ್ದುದುಂಟು. ಬಡವರಿಗೆ ಅನ್ನ ಹಾಕುವುದರ ಸಾಲಿನಲ್ಲೇ ಸೇತುವೆ ಕಟ್ಟುವುದೂ ಇತ್ತು.

ಎಂಟು ಶತಮಾನಗಳ ಬಳಿಕ ಈ ಸೇತುವೆಗಳ ಪೈಕಿ ಹಲವು ಮೋಟಾರು ವಾಹನಗಳನ್ನೂ ದಾಟಿಸುತ್ತಿವೆ. ಸಮಸ್ಯೆ ಇರುವುದು ಇಲ್ಲಿಯೇ. ಎತ್ತಿನ ಗಾಡಿ ಮತ್ತು ಹೇರುಗುದುರೆಯ ಅಗಲಕ್ಕೆ ಕಟ್ಟಿದ ದಾರಿಯಲ್ಲಿ ಇಂದು ಕಾರು ಮತ್ತು ಸರಕು ವ್ಯಾನುಗಳು ಸಾಗುತ್ತವೆ; ನಕ್ಷೆ ತೋರಿಸುವ ಮೊಬೈಲನ್ನು ನಂಬಿ, ತೂಕಮಿತಿಯ ಫಲಕವನ್ನು ಕಡೆಗಣಿಸಿ ನುಗ್ಗುವ ಲಾರಿಗಳೂ ಇರುತ್ತವೆ. ಪಕ್ಕದ ಗೋಡೆಗೆ ವಾಹನ ಬಡಿದು ಕಲ್ಲುಗಳು ನದಿಗೆ ಉರುಳುವುದು ಇಂಗ್ಲೆಂಡಿನ ಹಳ್ಳಿಗಾಡಿನ ಹಳೆಯ ಸೇತುವೆಗಳಿಗೆಲ್ಲ ಸಾಮಾನ್ಯವಾದ ಗಾಯ. ಬಡಿದವನು ಸಿಕ್ಕಿದರೆ ವಿಮೆಯಿಂದ ವಸೂಲಿ. ಸಿಗದಿದ್ದರೆ ಆ ಖರ್ಚು ಊರಿನ ತೆರಿಗೆದಾರರ ಮೇಲೆ.

ಕಲ್ಲು ಗಟ್ಟಿ, ಆದ್ದರಿಂದ ಕಲ್ಲಿನ ಸೇತುವೆ ಬಾಳುತ್ತದೆ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ವೇವರ್ಲಿ ಮಠವೂ ಅದೇ ಸೀಮೆಯ ಕಲ್ಲಿನಿಂದ ಕಟ್ಟಿದ್ದೇ. 1536ರಲ್ಲಿ ಎಂಟನೇ ಹೆನ್ರಿ ಸಣ್ಣ ಮಠಗಳನ್ನು ಮುಚ್ಚಿಸಿದಾಗ, ವಾರ್ಷಿಕ ಆದಾಯ 200 ಪೌಂಡಿಗಿಂತ ಕಡಿಮೆ ಇದ್ದ ವೇವರ್ಲಿಯೂ ಆ ಪಟ್ಟಿಗೆ ಸೇರಿತು. ಅದರ ಆದಾಯ ಸುಮಾರು 174 ಪೌಂಡ್. ಆಸ್ತಿ ರಾಜನ ಆಪ್ತ ವಿಲಿಯಂ ಫಿಟ್ಸ್‌ವಿಲಿಯಂ ಪಾಲಾಯಿತು. ಮುಂದೆ 1560ರ ದಶಕದಲ್ಲಿ ಅಲ್ಲಿಂದ ಹೊತ್ತೊಯ್ದ ಕಲ್ಲು ಗಿಲ್ಫರ್ಡ್ ಬಳಿಯ ಲೋಸ್ಲಿ ಬಂಗಲೆಯ ಗೋಡೆಯಾಯಿತು. ಇಂದು ಮಠದ ಜಾಗದಲ್ಲಿ ಉಳಿದಿರುವುದು ಹುಲ್ಲಿನ ನಡುವೆ ಕೆಲವು ಗೋಡೆ, ಕೆಲವು ಕಮಾನು. ಮಠದ ಕಲ್ಲು ಚದುರಿತು, ಸೇತುವೆಯ ಕಲ್ಲು ನಿಂತಿತು. ಸೇತುವೆ ಜನರಿಗೆ ದಿನವೂ ಬೇಕಿತ್ತು. ಕೆಟ್ಟರೆ ಸರಿಮಾಡಲೇಬೇಕಾದ ಹೊಣೆ ಕಾನೂನಿನ ಪ್ರಕಾರ ಯಾರದಾದರೂ ಒಬ್ಬರ ಕೊರಳಿಗೆ ಬಿದ್ದಿರುತ್ತಿತ್ತು. ವ್ಯತ್ಯಾಸ ಇಷ್ಟೇ.

ಆ ಹೊಣೆಯ ಇತಿಹಾಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಂದಿನ ಗೊಂದಲದ ಬೇರು ಅಲ್ಲಿದೆ. 1215ರ ಮ್ಯಾಗ್ನಾ ಕಾರ್ಟಾದ 23ನೇ ವಿಧಿ, ಹಿಂದಿನಿಂದ ಬಾಧ್ಯತೆ ಇದ್ದವರನ್ನು ಬಿಟ್ಟು ಬೇರೆ ಯಾವ ಊರನ್ನಾಗಲಿ ವ್ಯಕ್ತಿಯನ್ನಾಗಲಿ ನದಿಗೆ ಸೇತುವೆ ಕಟ್ಟಲು ಬಲವಂತ ಮಾಡಕೂಡದು ಎನ್ನುತ್ತದೆ. ಬಾಧ್ಯತೆ ಇದ್ದವರು ಯಾರು? ಹಲವೆಡೆ ಅದು ಜಮೀನಿಗೆ ಅಂಟಿಕೊಂಡಿತ್ತು. ಇಂಥ ಭೂಮಿಯನ್ನು ಉಣ್ಣುವವನು ಇಂಥ ಸೇತುವೆಯನ್ನು ನೋಡಿಕೊಳ್ಳಬೇಕು ಎಂಬ ಕಟ್ಟಳೆ. ಮಠದ ಕೈಯಲ್ಲಿ ಆ ಭೂಮಿ ಇದ್ದಾಗ ಮಠ ದುರಸ್ತಿ ಮಾಡಿಸಬೇಕು, ಮಠ ಹೋಗಿ ಧಣಿ ಬಂದರೆ ಧಣಿ ಮಾಡಿಸಬೇಕು. ನಮ್ಮ ಶಾಸನಗಳಲ್ಲಿ ಬರುವ ಕೆರೆಗೊಡಗೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ತರ್ಕ ಹೊಸದೇನಲ್ಲ: ಕೆರೆ ನೋಡಿಕೊಳ್ಳಲೆಂದು ಬಿಟ್ಟ ಹೊಲದ ಫಲ ಉಂಡವನು ಏರಿಯನ್ನೂ ಕಾಯಬೇಕು.

ಮಠಗಳನ್ನು ಮುಚ್ಚಿದಾಗ ಹೊಸ ಒಡೆಯರು ಭೂಮಿಯನ್ನು ಆಸೆಯಿಂದ ಹಿಡಿದುಕೊಂಡರು, ಅದರ ಜೊತೆಗಿದ್ದ ಹೊಣೆಯನ್ನು ಅಷ್ಟೇ ಚುರುಕಾಗಿ ಕೈಬಿಡಲು ನೋಡಿದರು. ಸೇತುವೆ ಯಾರದು ಎಂಬ ವ್ಯಾಜ್ಯಗಳು ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಶತಮಾನಗಳ ಕಾಲ ನಡೆದವು. ಇದರ ನಡುವೆ ಆಸರೆಯಾದದ್ದು ಮಠಗಳು ಮುಚ್ಚುವುದಕ್ಕೆ ಕೆಲವೇ ವರ್ಷ ಮೊದಲು, 1531ರಲ್ಲಿ ಬಂದ ಸೇತುವೆಗಳ ಕಾಯಿದೆ. ಹೊಣೆಗಾರರು ಯಾರೆಂದು ಗೊತ್ತಾಗದ ಕಡೆ ಇಡೀ ಜಿಲ್ಲೆಯ ನಿವಾಸಿಗಳೇ ಹೊಣೆ, ನ್ಯಾಯಾಧಿಕಾರಿಗಳು ತೆರಿಗೆ ಎತ್ತಿ ದುರಸ್ತಿ ಮಾಡಿಸಬೇಕು ಎಂದು ಅದು ವಿಧಿಸಿತು. ಸೇತುವೆಯ ಎರಡೂ ತುದಿಗಳಿಂದ 300 ಅಡಿ ರಸ್ತೆಯನ್ನೂ ಅದೇ ಹೊಣೆಗೆ ಸೇರಿಸಿತು. ಈ 300 ಅಡಿಯ ಮಾತು ಬರೆದವರಿಗೆ ಸೇತುವೆ ಹೇಗೆ ಹಾಳಾಗುತ್ತದೆಂಬುದು ಚೆನ್ನಾಗಿ ಗೊತ್ತಿತ್ತು. ಕಮಾನು ಎಷ್ಟೇ ಗಟ್ಟಿಯಿರಲಿ, ಅದರ ಕೊನೆಯಲ್ಲಿ ರಸ್ತೆ ಕುಸಿದು ನೀರು ಒಳನುಗ್ಗಿದರೆ ಮುಗಿಯಿತು. 1888ರ ಸ್ಥಳೀಯಾಡಳಿತ ಕಾಯಿದೆಯ ನಂತರ ಈ ಕೆಲಸ ಚುನಾಯಿತ ಜಿಲ್ಲಾ ಮಂಡಳಿಗಳಿಗೆ ಬಂತು.

ಈಗ ಕಮಾನಿನ ಬಳಿಗೆ ಹೋಗೋಣ. ಕಲ್ಲಿನ ಕಮಾನು ಒತ್ತಡದಲ್ಲಿ ಬದುಕುವ ವಸ್ತು. ಮೇಲಿನ ಭಾರ ಕಲ್ಲಿನಿಂದ ಕಲ್ಲಿಗೆ, ಕೊನೆಗೆ ಎರಡೂ ಬದಿಯ ಬುನಾದಿಗೆ ಇಳಿಯುತ್ತದೆ. ತೂಗುಬಿಟ್ಟ ಸರಪಳಿಯ ಆಕಾರವನ್ನು ತಲೆಕೆಳಗು ಮಾಡಿದರೆ ಭಾರ ಹೊರುವ ಕಮಾನಿನ ಆಕಾರ ಸಿಗುತ್ತದೆ ಎಂದು 1670ರ ದಶಕದಲ್ಲಿ ವಿಜ್ಞಾನಿ ರಾಬರ್ಟ್ ಹುಕ್ ತೋರಿಸಿದ. ಆ ಸೂತ್ರ ಗೊತ್ತಿಲ್ಲದೆಯೇ ಹದಿಮೂರನೇ ಶತಮಾನದ ಮೇಸ್ತ್ರಿಗಳು ಅನುಭವದಿಂದ ಅದನ್ನು ಸಾಧಿಸಿದ್ದರು. ಭಾರದ ಗೆರೆ ಕಲ್ಲಿನ ದಪ್ಪದೊಳಗೇ ಹರಿಯುವವರೆಗೆ ಕಮಾನಿಗೆ ಅಪಾಯವಿಲ್ಲ. ಭಾರೀ ಚಕ್ರ ಕಮಾನಿನ ನೆತ್ತಿಯ ಮೇಲೆ ನಿಂತದ್ದಕ್ಕಿಂತ, ಕಮಾನಿನ ಒಂದು ತುದಿಯಿಂದ ಅದರ ಉದ್ದದ ಕಾಲುಭಾಗದಷ್ಟು ದೂರದಲ್ಲಿ ನಿಂತಾಗ ಅಪಾಯ ಹೆಚ್ಚು. ಆಗ ಭಾರ ಒಂದು ಪಕ್ಕಕ್ಕೆ ವಾಲಿ, ಕಲ್ಲುಗಳ ನಡುವೆ ಸಂದುಗಳು ಬಾಯಿಬಿಡುತ್ತವೆ. ಅಂಥ ಸಂದು ನಾಲ್ಕು ಕಡೆ ತೆರೆದುಕೊಂಡರೆ ಕಮಾನು ಬಿಜಾಗರಿಗಳ ಮೇಲೆ ಮಡಚಿದಂತೆ ಕುಸಿಯುತ್ತದೆ. ಬ್ರಿಟನ್ನಿನಲ್ಲಿ 1999ರಿಂದ 40 ಟನ್, 2001ರಿಂದ 44 ಟನ್ ತೂಕದ ಲಾರಿಗಳಿಗೆ ಅನುಮತಿ ಸಿಕ್ಕಿತು. ಮಂಡಳಿಗಳು ನೋಡಿಕೊಳ್ಳುವ 70,000ಕ್ಕೂ ಹೆಚ್ಚು ಸೇತುವೆಗಳಲ್ಲಿ ಸುಮಾರು 3,000 ಸೇತುವೆಗಳು ಅಷ್ಟು ಭಾರ ಹೊರಲಾರವು ಎಂದು ರಸ್ತೆ ಸಾರಿಗೆಯ ಸಂಶೋಧನಾ ಸಂಸ್ಥೆ ಆರ್‌ಎಸಿ ಫೌಂಡೇಶನ್ ವರ್ಷವರ್ಷವೂ ಸಂಗ್ರಹಿಸುವ ಅಂಕಿಅಂಶ ಹೇಳುತ್ತದೆ.

ಆದರೂ ಲಾರಿಯೊಂದೇ ವೈರಿಯಲ್ಲ. ಬುನಾದಿಯ ಸುತ್ತಲಿನ ಮಣ್ಣನ್ನು ಪ್ರವಾಹ ಕೊರೆದು ಒಯ್ಯುವುದು ಅದಕ್ಕಿಂತ ದೊಡ್ಡ ಗಂಡಾಂತರ. ನೀರಿನ ವೇಗ ಎರಡು ಪಟ್ಟಾದರೆ ಅದು ಕಂಬದ ಮೇಲೆ ಹಾಕುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬುಡಸಮೇತ ತೇಲಿಬಂದ ಮರ ಕಮಾನಿನ ಬಾಯಿಗೆ ಅಡ್ಡಬಿದ್ದರೆ ಉಳಿದ ಕಿಂಡಿಗಳಲ್ಲಿ ನೀರು ಇನ್ನಷ್ಟು ರಭಸದಿಂದ ನುಗ್ಗುತ್ತದೆ. 2015ರ ಡಿಸೆಂಬರಿನಲ್ಲಿ ಉತ್ತರ ಇಂಗ್ಲೆಂಡ್ ಇದನ್ನು ಕಣ್ಣಾರೆ ಕಂಡಿತು. ಕಂಬ್ರಿಯಾದ ಪೂಲಿ ಬ್ರಿಜ್ ಎಂಬಲ್ಲಿ 1764ರ ಕಲ್ಲಿನ ಸೇತುವೆ ಪೂರ್ತಿ ಕೊಚ್ಚಿಹೋಯಿತು; ಅದರ ಜಾಗದಲ್ಲಿ ಈಗ ಉಕ್ಕಿನ ಕಮಾನು ನಿಂತಿದೆ. ಅದೇ ತಿಂಗಳ 29ರಂದು ಯಾರ್ಕ್‌ಷೈರಿನ ಟ್ಯಾಡ್‌ಕ್ಯಾಸ್ಟರ್ ಪಟ್ಟಣದ ಸೇತುವೆಯ ಒಂದು ಭಾಗ ನದಿಗೆ ಕುಸಿಯಿತು. ಊರು ಎರಡು ಹೋಳಾಯಿತು. ಸೇತುವೆ ಮತ್ತೆ ತೆರೆದದ್ದು 2017ರ ಫೆಬ್ರವರಿಯಲ್ಲಿ. ವೇ ನದಿಯೂ ಸುಮ್ಮನೆ ಕೂತಿಲ್ಲ. 1968ರ ಸೆಪ್ಟೆಂಬರಿನಲ್ಲಿ ಗಿಲ್ಫರ್ಡ್ ಪಟ್ಟಣವನ್ನು ಮುಳುಗಿಸಿತು. 2013ರ ಕ್ರಿಸ್ಮಸ್ ಹಿಂದಿನ ದಿನ ಗೊಡಾಲ್ಮಿಂಗ್ ಪಟ್ಟಣದ ಮನೆಗಳಿಗೆ ನುಗ್ಗಿತು. ಬಿಸಿಯೇರುತ್ತಿರುವ ಹವೆಯಲ್ಲಿ ಚಳಿಗಾಲದ ಮಳೆ ಕಡಿಮೆ ಹೊತ್ತಿನಲ್ಲಿ ಹೆಚ್ಚು ಸುರಿಯುತ್ತದೆಂದು ಹವಾಮಾನ ತಜ್ಞರು ಎಚ್ಚರಿಸುತ್ತಲೇ ಇದ್ದಾರೆ. ಈ ದೃಷ್ಟಿಯಿಂದ ನೋಡಿದರೆ ವೇವರ್ಲಿಯವರದೆನ್ನುವ ಸೇತುವೆಗಳ ಆ ದುಂಡು ಬೆನ್ನು ಬರಿಯ ಅಲಂಕಾರವಲ್ಲ. ಕಂಬ ದಾಟಿದ ನೀರು ಥಟ್ಟನೆ ಚೌಕಾಕಾರದ ಅಂಚಿನಿಂದ ಬಿದ್ದರೆ ಹಿಂದೆ ಸುಳಿಗಳು ಎದ್ದು ತಳವನ್ನು ತೋಡುತ್ತವೆ. ದುಂಡು ತಿರುವಿನ ಮೇಲೆ ಜಾರಿದರೆ ಆ ಸುಳಿಯ ಬಲ ಕುಗ್ಗುತ್ತದೆ.

ಮೂರನೆಯ ವೈರಿ ಕಣ್ಣಿಗೆ ಬೀಳದಂಥದ್ದು, ಮೇಲಿನಿಂದ ಇಳಿಯುವ ನೀರು. ಕಮಾನಿನ ಬೆನ್ನ ಮೇಲೆ ಮಣ್ಣು, ಕಲ್ಲುಚೂರುಗಳ ಭರ್ತಿ ಇರುತ್ತದೆ, ಅದರ ಮೇಲೆ ಡಾಂಬರು. ಡಾಂಬರು ಬಿರಿದರೆ ಮಳೆನೀರು, ಚಳಿಗಾಲದಲ್ಲಿ ಮಂಜು ಕರಗಿಸಲು ಎರಚಿದ ಉಪ್ಪು, ಎರಡೂ ಭರ್ತಿಗೆ ಇಳಿಯುತ್ತವೆ. ಸಂದಿನ ಗಾರೆ ಕರಗಿ ಕೆಳಗೆ ಬಿಳಿಯ ಗೆರೆಗಳಾಗಿ ಸೋರುತ್ತದೆ. ಆ ಸಂದಿನಲ್ಲಿ ಒಂದು ಬೀಜ ಕೂತರೆ ಕೆಲವು ವರ್ಷಗಳಲ್ಲಿ ಬೇರು ಕಲ್ಲನ್ನು ಅಲುಗಿಸುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಒಳ್ಳೆಯ ಉದ್ದೇಶದಿಂದಲೇ ಮಾಡಿದ ಒಂದು ಕೆಲಸ ಇದನ್ನು ಮತ್ತಷ್ಟು ಕೆಡಿಸಿತು: ಸುಣ್ಣದ ಗಾರೆಯ ಜಾಗದಲ್ಲಿ ಸಿಮೆಂಟು ತುಂಬುವುದು. ಈ ಭಾಗದ ಬಾರ್ಗೇಟ್ ಕಲ್ಲು ಜೇನುಬಣ್ಣದ ಮರಳುಗಲ್ಲು. ಸುಣ್ಣದ ಗಾರೆ ಕಲ್ಲಿಗಿಂತ ಮೆದು. ತೇವ ಅದರ ಮೂಲಕ ಹೊರಗೆ ಬರುತ್ತದೆ, ಸವೆದರೆ ಗಾರೆ ಸವೆಯುತ್ತದೆ, ಮತ್ತೆ ತುಂಬಿದರಾಯಿತು. ಸಿಮೆಂಟು ಕಲ್ಲಿಗಿಂತ ಗಡಸು. ತೇವ ಕಲ್ಲಿನೊಳಗೇ ಸಿಕ್ಕಿಬಿದ್ದು, ಹಿಮ ಬಿದ್ದಾಗ ಹೆಪ್ಪುಗಟ್ಟಿ, ಕಲ್ಲಿನ ಮುಖವೇ ಚಕ್ಕೆಯಾಗಿ ಉದುರುತ್ತದೆ. ಗಾರೆ ಉಳಿದು ಕಲ್ಲು ಹೋಗುವ ಆ ನೋಟ ಕಂಡವರಿಗೆ ಹೊಟ್ಟೆ ಉರಿಯದೆ ಇರದು.

ಸರಿಯಾದ ದುರಸ್ತಿ ಹೇಗಿರುತ್ತದೆ? ಕೆಲಸಗಾರ ಸಂದಿನ ಹಳೆಯ ಗಾರೆಯನ್ನು ಉಳಿ ಸುತ್ತಿಗೆಯಿಂದ, ಅಗಲದ ಎರಡು ಪಟ್ಟು ಆಳದವರೆಗೆ ಕೆದಕಿ ತೆಗೆಯುತ್ತಾನೆ. ದೂಳು ತೊಳೆದು ಕಲ್ಲನ್ನು ಚೆನ್ನಾಗಿ ತೋಯಿಸುತ್ತಾನೆ, ಇಲ್ಲದಿದ್ದರೆ ಒಣಕಲ್ಲು ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ. ಸುಣ್ಣ ಮತ್ತು ಮರಳಿನ ಗಟ್ಟಿ ಗಾರೆಯನ್ನು ತೆಳು ಕರಣೆಯಿಂದ ಪದರ ಪದರವಾಗಿ ಒತ್ತುತ್ತಾನೆ. ಮೇಲೆ ಒದ್ದೆ ಗೋಣಿತಾಟು ಹೊದಿಸಿ ದಿನಗಟ್ಟಲೆ ನೀರು ಚಿಮುಕಿಸುತ್ತಾನೆ. ಸುಣ್ಣ ಗಾಳಿಯ ಜೊತೆ ಸೇರಿ ಕಲ್ಲಾಗಲು ಅದಕ್ಕೆ ಸಾವಕಾಶ ಬೇಕು. ಹಿಮ ಬೀಳುವ ಕಾಲದಲ್ಲಿ ಈ ಕೆಲಸ ಮಾಡುವಂತಿಲ್ಲ, ಹಾಗಾಗಿ ವಸಂತದಿಂದ ಶರತ್ಕಾಲದವರೆಗೆ ಮಾತ್ರ ಅವಕಾಶ. ಒಂದು ಸೇತುವೆಗೆ ಇಂಥ ಕೆಲಸ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಬೇಕಾಗುತ್ತದೆ. ಬಿಟ್ಟುಬಿಟ್ಟರೆ ಒಮ್ಮೆಗೇ ಲಕ್ಷಗಟ್ಟಲೆ ಪೌಂಡಿನ ಕಾಮಗಾರಿಯಾಗಿ ಎದುರು ನಿಲ್ಲುತ್ತದೆ.

ಮತ್ತೇಕೆ ವರ್ಷ ವರ್ಷ ಮಾಡುವುದಿಲ್ಲ? ಹಣದ ಮಾತಿಗೆ ಮುನ್ನ ಅನುಮತಿಗಳ ಮಾತು. ಈ ಸೇತುವೆಗಳು ಸಂರಕ್ಷಿತ ಸ್ಮಾರಕಗಳು. 1979ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ದುರಸ್ತಿಗೂ ಸರ್ಕಾರದ ಒಪ್ಪಿಗೆ ಬೇಕು, ಅದಕ್ಕೆ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಯ ಸಲಹೆ ಬೇಕು. ನದಿಯೊಳಗೆ ಅಟ್ಟ ಕಟ್ಟಲು ಪರಿಸರ ಸಂಸ್ಥೆಯ ಪರವಾನಗಿ ಬೇಕು. ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ನೀರಿಗೆ ಇಳಿಯುವಂತಿಲ್ಲ. ಕಲ್ಲಿನ ಸಂದುಗಳಲ್ಲಿ ನೀರಿನ ಮೇಲೆ ಹಾರಿ ಹುಳು ಹಿಡಿಯುವ ಬಾವಲಿಗಳು ಗೂಡು ಮಾಡಿಕೊಂಡಿರುತ್ತವೆ. ಅವುಗಳಿಗೆ 1981ರ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ಈ ಕಾನೂನುಗಳಲ್ಲಿ ಒಂದನ್ನೂ ತೆಗೆಯಬೇಕೆಂದು ನಾನು ಹೇಳುವುದಿಲ್ಲ. ಬಾವಲಿಗೂ ಮೀನಿಗೂ ಆ ನದಿಯ ಮೇಲೆ ಸೇತುವೆಗಿಂತ ಹಳೆಯ ಹಕ್ಕಿದೆ. ಆದರೆ ಒಂದು ಸಂದಿಗೆ ಗಾರೆ ತುಂಬಲೂ ಬೇರೆಬೇರೆ ಕಚೇರಿಗಳ ಬಾಗಿಲು ತಟ್ಟಬೇಕಾದಾಗ, ಅಧಿಕಾರಿಗಳು ಸಣ್ಣ ಕೆಲಸಗಳನ್ನು ಮುಂದಕ್ಕೆ ಹಾಕಿ, ಎಲ್ಲ ಸೇರಿಸಿ ಒಂದೇ ಸಲ ದೊಡ್ಡದಾಗಿ ಮಾಡೋಣ ಎಂದು ಕಾಯುತ್ತಾರೆ. ಆ ಕಾಯುವಿಕೆಯಲ್ಲೇ ಹಾನಿ ಬೆಳೆಯುತ್ತದೆ.

ತಾಳ್ಮೆಗೆಟ್ಟು ಹಿಡಿದ ಅಡ್ಡದಾರಿಗೆ ಕಂಬ್ರಿಯಾದ ಗ್ರೇಟ್ ಮಸ್‌ಗ್ರೇವ್ ಸೇತುವೆ ನಿದರ್ಶನ. ಅದು ಮಠದ ಕಾಲದ್ದಲ್ಲ, ಈಗ ರೈಲು ಓಡದ ಹಳಿದಾರಿಯ ಮೇಲೆ ರಸ್ತೆ ದಾಟಿಸುವ 1862ರ ಸೇತುವೆ. 2021ರಲ್ಲಿ ರಾಷ್ಟ್ರೀಯ ಹೆದ್ದಾರಿ ಸಂಸ್ಥೆ ಸುರಕ್ಷತೆಯ ಹೆಸರಿನಲ್ಲಿ ಕಮಾನಿನ ಕೆಳಗೆ ಜಲ್ಲಿ ಮತ್ತು ಕಾಂಕ್ರೀಟು ತುಂಬಿ ಮುಚ್ಚಿಬಿಟ್ಟಿತು. ಜನ ರೊಚ್ಚಿಗೆದ್ದರು. ಆಗಲೇ ಮುಗಿದಿದ್ದ ಆ ಕಾಮಗಾರಿಗೆ ಮರುವರ್ಷ ಕೇಳಿದ ಅನುಮತಿಯನ್ನು ಸ್ಥಳೀಯ ಮಂಡಳಿ ನಿರಾಕರಿಸಿತು. 2023ರಲ್ಲಿ ತುಂಬಿದ್ದನ್ನೆಲ್ಲ ಸಾರ್ವಜನಿಕರ ದುಡ್ಡಿನಲ್ಲೇ ಅಗೆದು ತೆಗೆಯಬೇಕಾಯಿತು. ತುಂಬಲು ಒಂದು ಖರ್ಚು, ತೆಗೆಯಲು ಇನ್ನೊಂದು.

ಹಣದ ವಿಚಾರದಲ್ಲಿ ಹಳಬರು ಬಿಟ್ಟುಹೋದ ಒಂದು ವ್ಯವಸ್ಥೆ ಇಂದಿಗೂ ಕೆಲಸ ಮಾಡುತ್ತಿದೆ, ಅದರ ಬಗ್ಗೆ ಸಾಕಷ್ಟು ಚರ್ಚೆಯಾಗುತ್ತಿಲ್ಲ ಎಂಬುದು ನನ್ನ ಕೊರಗು. ಕೆಂಟ್ ಜಿಲ್ಲೆಯ ರೋಚೆಸ್ಟರ್ ಎಂಬಲ್ಲಿ ಮೆಡ್ವೇ ನದಿಗೆ 1391ರಲ್ಲಿ ಕಲ್ಲಿನ ಸೇತುವೆ ಸಿದ್ಧವಾಯಿತು. ಕಟ್ಟಿಸಿದ ಸರ್ ರಾಬರ್ಟ್ ನೋಲ್ಸ್ ಮತ್ತು ಸರ್ ಜಾನ್ ಡಿ ಕಾಬಮ್ ಅಷ್ಟಕ್ಕೇ ಕೈತೊಳೆದುಕೊಳ್ಳಲಿಲ್ಲ. ಸೇತುವೆಯ ಹೆಸರಿನಲ್ಲಿ ಜಮೀನು ಸೇರಿಸಿ 1399ರಲ್ಲಿ ಒಂದು ದತ್ತಿಯನ್ನೇ ಸ್ಥಾಪಿಸಿದರು, ಸೇತುವೆ ನೋಡಿಕೊಳ್ಳುವವರನ್ನು ಆರಿಸುವ ಕ್ರಮವನ್ನೂ ಗೊತ್ತುಮಾಡಿದರು. ಆರು ಶತಮಾನ ಕಳೆದಿವೆ. ಮೂಲ ಸೇತುವೆ ಹೋಗಿ ಬೇರೆ ಸೇತುವೆಗಳು ಬಂದಿವೆ. ದತ್ತಿ ಮಾತ್ರ ಇನ್ನೂ ಇದೆ, ಆ ಜಮೀನು ಮತ್ತು ಹೂಡಿಕೆಗಳ ಆದಾಯದಿಂದಲೇ ಅಲ್ಲಿನ ಸೇತುವೆಗಳನ್ನು ನಡೆಸುತ್ತಿದೆ. ಲಂಡನ್ನಿನದೂ ಇಂಥದೇ ಕಥೆ. 1209ರಲ್ಲಿ ಮುಗಿದ ಹಳೆಯ ಲಂಡನ್ ಸೇತುವೆಗೆ ಭಕ್ತರೂ ವರ್ತಕರೂ ಬಿಟ್ಟ ಮನೆ, ಅಂಗಡಿ, ಭೂಮಿಗಳ ದತ್ತಿ ಇಂದು ಸಿಟಿ ಬ್ರಿಜ್ ಫೌಂಡೇಶನ್ ಹೆಸರಿನಲ್ಲಿ ಟವರ್ ಬ್ರಿಜ್ ಸೇರಿದಂತೆ ಥೇಮ್ಸ್ ನದಿಯ ಐದು ಸೇತುವೆಗಳನ್ನು ತೆರಿಗೆದಾರರ ದುಡ್ಡು ಮುಟ್ಟದೆ ನೋಡಿಕೊಳ್ಳುತ್ತಿದೆ. ಅದೇ ನದಿಯಲ್ಲಿ, ಅಂಥ ದತ್ತಿಯ ಭಾಗ್ಯವಿಲ್ಲದ ಹ್ಯಾಮರ್‌ಸ್ಮಿತ್ ಸೇತುವೆ 2019ರ ಏಪ್ರಿಲ್‌ನಿಂದ ಮೋಟಾರು ವಾಹನಗಳಿಗೆ ಮುಚ್ಚಿದೆ. ದುರಸ್ತಿಯ ಖರ್ಚನ್ನು ಯಾರು ಎಷ್ಟು ಹೊರಬೇಕೆಂದು ಸ್ಥಳೀಯ ಮಂಡಳಿ, ಲಂಡನ್ ಸಾರಿಗೆ ಸಂಸ್ಥೆ, ಕೇಂದ್ರ ಸರ್ಕಾರ ವರ್ಷಗಳಿಂದ ಪರಸ್ಪರ ಮುಖ ನೋಡುತ್ತಿವೆ.

ವೇ ನದಿಯ ಸೇತುವೆಗಳಿಗೆ ದತ್ತಿ ಇಲ್ಲದಿರಲು ಕಾರಣ ಸ್ಪಷ್ಟ. ಮಠದ ಜಮೀನು ಉಳಿದಿದ್ದರೆ ಅದೇ ದತ್ತಿಯಾಗುತ್ತಿತ್ತು. 1536ರಲ್ಲಿ ಆ ಜಮೀನು ಖಾಸಗಿ ಕೈ ಸೇರಿತು, ಸೇತುವೆ ಸಾರ್ವಜನಿಕರ ಪಾಲಿಗೆ ಬಂತು. ಆದಾಯ ಒಂದು ಕಡೆ, ಖರ್ಚು ಇನ್ನೊಂದು ಕಡೆ. ಇವುಗಳಲ್ಲಿ ಒಂದಕ್ಕೆ ಮಾತ್ರ ಸ್ವಲ್ಪ ಬೇರೆ ಅದೃಷ್ಟ ಒಲಿಯಿತು: ಈಷಿಂಗ್ ಸೇತುವೆಯನ್ನು 1901ರಲ್ಲಿ, ಪಾರಂಪರಿಕ ತಾಣಗಳನ್ನು ಕಾಪಾಡುವ, ಆಗಿನ್ನೂ ಎಳೆಯ ಸಂಸ್ಥೆಯಾಗಿದ್ದ ನ್ಯಾಷನಲ್ ಟ್ರಸ್ಟ್ ತನ್ನದಾಗಿಸಿಕೊಂಡಿತು. ಮಾಲೀಕರು ಇದ್ದಾರೆಂಬುದು ಒಂದು ಧೈರ್ಯ. ಆದರೆ ಅದರ ಮೇಲೆ ಓಡುವ ವಾಹನಗಳನ್ನು ನಿಯಂತ್ರಿಸುವುದು ಟ್ರಸ್ಟಿನ ಕೈಯಲ್ಲಿಲ್ಲ, ರಸ್ತೆಯ ಅಧಿಕಾರ ಜಿಲ್ಲಾ ಮಂಡಳಿಯದು. ಇಲ್ಲಿಯೂ ಹೊಣೆ ಒಂದು ಕೈ, ಅಧಿಕಾರ ಇನ್ನೊಂದು ಕೈ.

ಹಾಗಾದರೆ ವಾಹನಗಳಿಗೆ ಪೂರ್ತಿ ಮುಚ್ಚಿ ನಡೆದಾಡುವವರಿಗೆ ಬಿಟ್ಟುಬಿಟ್ಟರೆ ಹೇಗೆ ಎಂದು ಕೇಳುವವರಿದ್ದಾರೆ. ಹತ್ತಿರದಲ್ಲೇ ಹೆದ್ದಾರಿ ಇರುವ ಈಷಿಂಗ್‌ನಂಥ ಕಡೆ ಈ ವಾದದಲ್ಲಿ ತೂಕವಿದೆ. ಎಲ್ಲೆಡೆಯೂ ಅದನ್ನೇ ಮಾಡುವುದಕ್ಕೆ ನಾನು ವಿರೋಧಿ. ಓಡಾಟ ನಿಂತ ಸೇತುವೆಯ ಬಗ್ಗೆ ದೂರು ಕೊಡುವವರೂ ಕಡಿಮೆಯಾಗುತ್ತಾರೆ, ದೂರು ಬರದ ಸೇತುವೆಗೆ ಅನುದಾನವೂ ಬರುವುದಿಲ್ಲ. ಶಾಲೆಯ ವ್ಯಾನು, ಅಂಚೆಯವನು, ಹೊಲಕ್ಕೆ ಹೋಗುವ ಟ್ರಾಕ್ಟರು ದಾಟುವವರೆಗೆ ಒಂದು ಕಲ್ಲು ಸಡಿಲವಾದರೂ ಅದೇ ದಿನ ಯಾರಾದರೂ ಮಂಡಳಿಗೆ ಫೋನು ಮಾಡುತ್ತಾರೆ. ತೂಕಮಿತಿಯನ್ನು ಬರಿಯ ಫಲಕಕ್ಕೆ ಬಿಡದೆ, ಅಗಲದ ವಾಹನ ನುಗ್ಗಲಾರದಂತೆ ಸೇತುವೆಗೆ ಮುಂಚೆಯೇ ಕಂಬ ನೆಡುವುದು, ನಕ್ಷೆಯ ಕಂಪನಿಗಳು ಇಂಥ ದಾರಿಗಳನ್ನು ಲಾರಿಗಳಿಗೆ ತೋರಿಸದಂತೆ ಕಡ್ಡಾಯ ಮಾಡುವುದು ದೊಡ್ಡ ವೆಚ್ಚದ ಕೆಲಸಗಳಲ್ಲ.

ಹಣಕ್ಕೆ ರೋಚೆಸ್ಟರಿನ ದಾರಿಯೇ ಸರಿ. ಆರು ನೂರು ವರ್ಷದ ಹಿಂದಿನಂತೆ ಇಂದು ಜಮೀನು ಬಿಡುವವರು ಸಿಗಲಿಕ್ಕಿಲ್ಲ, ನಿಜ. ಆದರೆ ನದಿ ಕಣಿವೆಯಲ್ಲಿ ಹೊಸ ಮನೆಗಳ ಬಡಾವಣೆಗೆ ಅನುಮತಿ ಕೊಡುವಾಗ ಇಂಗ್ಲೆಂಡಿನ ಮಂಡಳಿಗಳು ಈಗಾಗಲೇ ಶಾಲೆ, ರಸ್ತೆಗಳಿಗೆಂದು ನಿರ್ಮಾಣಗಾರರಿಂದ ವಂತಿಗೆ ಪಡೆಯುತ್ತವೆ. ಆ ವಂತಿಗೆಯ ಒಂದು ಪಾಲನ್ನು, ಮತ್ತು ಪಕ್ಕದ ಗೋಡೆಗೆ ಬಡಿದ ವಾಹನಗಳಿಂದ ವಸೂಲಾದ ವಿಮೆಯ ಹಣವನ್ನು, ಮಂಡಳಿಯ ಸಾಮಾನ್ಯ ಖಾತೆಗೆ ಸೇರಿಸದೆ ವೇ ನದಿಯ ಈ ಸೇತುವೆಗಳಿಗೆಂದೇ ಒಂದು ನಿಧಿಯಲ್ಲಿಡಬಹುದು. ಬಡ್ಡಿ ಮಾತ್ರ ಖರ್ಚು ಮಾಡುವ ನಿಯಮ ಬೇಕು. ಜೊತೆಗೆ, ಒಂದೊಂದು ಸಂದಿಗೂ ಬೇರೆ ಬೇರೆ ಅರ್ಜಿ ಹಾಕುವ ಬದಲು ಐದೈದು ವರ್ಷದ ನಿರ್ವಹಣಾ ಯೋಜನೆಗೆ ಎಲ್ಲ ಕಚೇರಿಗಳೂ ಒಂದೇ ಬಾರಿ ಒಪ್ಪಿಗೆ ಕೊಡಬೇಕು. ಆಗ ಸುಣ್ಣದ ಗಾರೆ ಬಲ್ಲ ಇಬ್ಬರು ಮೇಸ್ತ್ರಿಗಳಿಗೆ ಪ್ರತಿ ಬೇಸಿಗೆಯಲ್ಲೂ ಟಿಲ್ಫರ್ಡ್‌ನಿಂದ ಅನ್‌ಸ್ಟೆಡ್‌ವರೆಗೆ ಖಾಯಂ ಕೆಲಸವಿರುತ್ತದೆ, ಅವರ ಕೈಕೆಳಗೆ ಕಲಿಯುವ ಹುಡುಗರೂ ಬರುತ್ತಾರೆ.